ಮೊಳಕೆಯಲ್ಲಿ ಕಾಣುವ ಸಿರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮಲ್ಲುಂಟು. ಬೆಳೆದು ಮರವಾದ ಮೇಲೆ, ಅದರ ನೆರಳಿನಲ್ಲಿ ಕುಳಿತು ಈ ಗಾದೆಯನ್ನು ಹೇಳುವುದು ಸುಲಭ. ಮೊಳಕೆಯ ಮುಂದೆ ನಿಂತು, ಇದು ಸಿರಿಯೋ ಬರಿಯ ಹಸುರೋ ಎಂದು ಇವತ್ತೇ ತೀರ್ಮಾನ ಹೇಳಬೇಕಾದವನ ಕಷ್ಟ ಬೇರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಎಂ.ಎ. ತರಗತಿಗಳಿಗೆ ಕನ್ನಡ ಪಾಠ ಹೇಳಿ, ಉತ್ತರಪತ್ರಿಕೆಗಳನ್ನು ತಿದ್ದಿ, ಮೌಖಿಕ ಪರೀಕ್ಷೆಯ ಮೇಜಿನ ಈಚೆ ಬದಿಯಲ್ಲಿ ಕುಳಿತ ನನಗೆ ಆ ಕಷ್ಟ ಚೆನ್ನಾಗಿ ಗೊತ್ತು ಎಂದೇ ಭಾವಿಸಿದ್ದೆ. ಅದು ನನಗೆ ಸಾಕಷ್ಟು ಗೊತ್ತಿರಲಿಲ್ಲ ಎಂಬುದನ್ನು ತಿಳಿಸಿಕೊಟ್ಟದ್ದು ಯಾವ ವಿದ್ವಾಂಸನೂ ಅಲ್ಲ, ಇಂಗ್ಲೆಂಡಿನ ಕೆಲವು ಎಳೆಯ ಕುದುರೆಗಳು.

ನನ್ನ ಮಗಳ ಸಂಸಾರ ಇರುವುದು ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ. 2025ರ ಚಳಿಗಾಲದ ಕೊನೆಯಲ್ಲಿ ನಾನು ಅಲ್ಲಿದ್ದೆ. ಆ ಪ್ರಾಂತದ ಚೆಲ್ಟನ್‌ಹ್ಯಾಮ್ ಎಂಬ ಊರಿನ ಅಂಚಿನಲ್ಲಿ, ಕ್ಲೀವ್ ಹಿಲ್ ಎಂಬ ಬೆಟ್ಟದ ಬುಡದಲ್ಲಿ, ಪ್ರೆಸ್ಟ್‌ಬರಿ ಪಾರ್ಕ್ ಎಂಬ ಮೈದಾನವಿದೆ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಅಲ್ಲಿ ತಡೆ ಹಾರುವ ಕುದುರೆಗಳ ದೊಡ್ಡ ಉತ್ಸವ ನಡೆಯುತ್ತದೆ. ಮೊದಲು ಮೂರು ದಿನದ್ದಾಗಿದ್ದ ಅದು 2005ರಿಂದ ನಾಲ್ಕು ದಿನದ್ದಾಗಿದೆ. ನಮ್ಮಲ್ಲಿ ಮುಂಗಾರಿಗೆ ಮೊದಲು ರೈತರು ಮಳೆಯನ್ನು ಕುರಿತು ಮಾತಾಡುವ ಹಾಗೆ, ಅಲ್ಲಿಯ ಜನ ಜನವರಿಯಿಂದಲೇ ಆ ವರ್ಷದ ಹೊಸ ಕುದುರೆಗಳನ್ನು ಕುರಿತು ಮಾತಾಡತೊಡಗುತ್ತಾರೆ. ಮಗಳ ನೆರೆಮನೆಯಲ್ಲಿ ನನ್ನ ಹಾಗೆಯೇ ನಿವೃತ್ತರಾದ ಶಾಲಾಮಾಸ್ತರರೊಬ್ಬರಿದ್ದರು. ಪಣ ಕಟ್ಟುವ ಚಪಲ ಅವರಿಗೆ ಅಷ್ಟಾಗಿ ಇರಲಿಲ್ಲ. ಕಟ್ಟಿದರೆ ಒಂದೆರಡು ಪೌಂಡು. ಅವರ ಆಸಕ್ತಿಯೆಲ್ಲ ಪರೀಕ್ಷೆಗೆ ಮೊದಲು ವಿದ್ಯಾರ್ಥಿಯನ್ನು ಅಳೆಯುವುದರಲ್ಲಿ. ನಮ್ಮಿಬ್ಬರಿಗೂ ಮಾತು ಕುದುರಿದ್ದು ಅಲ್ಲಿಯೇ.

ಬೆಂಗಳೂರು, ಮೈಸೂರುಗಳ ರೇಸನ್ನು ಕಂಡವರಿಗೆ ಗೊತ್ತಿರುವುದು ಸಮನೆಲದ ಓಟ. ತಡೆ ಹಾರುವ ಓಟದ ಜಾತಿಯೇ ಬೇರೆ. ಅದರ ಮೂಲವನ್ನು ಐರ್ಲೆಂಡಿನಲ್ಲಿ ಹೇಳುತ್ತಾರೆ. 1752ರಲ್ಲಿ ಕಾರ್ಕ್ ಸೀಮೆಯ ಇಬ್ಬರು ಸವಾರರು ಪಂಥ ಕಟ್ಟಿ, ಒಂದು ಊರಿನ ಚರ್ಚಿನ ಗೋಪುರದಿಂದ ಇನ್ನೊಂದು ಊರಿನ ಚರ್ಚಿನ ಗೋಪುರದವರೆಗೆ, ನಡುವಣ ಬೇಲಿ, ಹಳ್ಳ, ಕಲ್ಲುಗೋಡೆಗಳನ್ನೆಲ್ಲ ಹಾರಿಸಿಕೊಂಡು ಓಡಿಸಿದರಂತೆ. ಗೋಪುರಕ್ಕೆ ಇಂಗ್ಲಿಷಿನಲ್ಲಿ ಸ್ಟೀಪಲ್. ಆದ್ದರಿಂದ ಆಟಕ್ಕೆ ಸ್ಟೀಪಲ್‌ಚೇಸ್ ಎಂಬ ಹೆಸರು. ಇಂದು ತಡೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹರ್ಡಲ್, ಮೂರೂವರೆ ಅಡಿ ಎತ್ತರದ, ಕಾಲು ತಗುಲಿದರೆ ಸ್ವಲ್ಪ ಬಾಗಿಕೊಡುವ ತಡಿಕೆ. ಇನ್ನೊಂದು ಫೆನ್ಸ್, ಕಡಿಮೆಯೆಂದರೆ ನಾಲ್ಕೂವರೆ ಅಡಿ ಎತ್ತರಕ್ಕೆ ಬರ್ಚ್ ಕಡ್ಡಿಗಳನ್ನು ಒತ್ತಾಗಿ ತುಂಬಿ ಕಟ್ಟಿದ್ದು, ಅದು ತಪ್ಪನ್ನು ಸುಲಭವಾಗಿ ಕ್ಷಮಿಸುವುದಿಲ್ಲ. ಎಳೆಯ ಕುದುರೆ ಮೊದಲು ಹರ್ಡಲ್ ಕಲಿಯುತ್ತದೆ; ಮೈ ಬಲಿತ ಮೇಲೆ ಫೆನ್ಸಿಗೆ ಹೋಗುತ್ತದೆ. ಚೆಲ್ಟನ್‌ಹ್ಯಾಮಿನ ಗೋಲ್ಡ್ ಕಪ್ ಎಂಬ ಪರಮ ಸ್ಪರ್ಧೆಯಲ್ಲಿ ಮೂರು ಮೈಲಿಗೂ ಮಿಕ್ಕ ದೂರ, 22 ಫೆನ್ಸುಗಳು.

ಇಲ್ಲಿ ವಯಸ್ಸಿನ ವಿಚಾರವನ್ನು ಗಮನಿಸಬೇಕು. ಸಮನೆಲದ ಓಟದಲ್ಲಿ ಡರ್ಬಿಯಂಥ ದೊಡ್ಡ ಸ್ಪರ್ಧೆ ಮೂರು ವರ್ಷದ ಕುದುರೆಗೆ. ಅದನ್ನು ಗೆದ್ದ ಗಂಡು ಬಹು ಬೇಗ ಸಂತಾನಕ್ಕಾಗಿ ಮೀಸಲಾಗಿ ಮೈದಾನ ಬಿಡುತ್ತದೆ. ತಡೆ ಹಾರುವ ಗಂಡು ಕುದುರೆಗಳಲ್ಲಿ ಹೆಚ್ಚಿನವು ಬೀಜ ಒಡೆಸಿದವು. ಅವಕ್ಕೆ ವಂಶದ ಬೆಲೆಯಿಲ್ಲ. ಇರುವ ಬೆಲೆಯೆಲ್ಲ ಕಾಲಿನಲ್ಲಿ, ಎದೆಯಲ್ಲಿ. ಆದ್ದರಿಂದ ಅವು ಹತ್ತು ಹನ್ನೆರಡು ವರ್ಷದವರೆಗೂ ಓಡುವುದುಂಟು. ಏಳರಿಂದ ಹತ್ತರ ನಡುವೆ ಅವುಗಳ ತುಂಬು ಪ್ರಾಯ. 1964, 1965, 1966ರಲ್ಲಿ ಸತತವಾಗಿ ಗೋಲ್ಡ್ ಕಪ್ ಗೆದ್ದ ಆರ್ಕಲ್, ಮೊದಲ ಸಲ ಗೆದ್ದಾಗ ಏಳು ವರ್ಷದ್ದು. ಹಾಗಾದರೆ ನಾಲ್ಕು ವರ್ಷದ ಕುದುರೆಯನ್ನು ನೋಡಿ ಅದರ ಭವಿಷ್ಯ ಹೇಳುವುದೆಂದರೆ ಪ್ರೌಢಶಾಲೆಯ ಹುಡುಗನನ್ನು ನೋಡಿ ಅವನು ಬರೆಯಲಿರುವ ಮಹಾಪ್ರಬಂಧವನ್ನು ವಿಮರ್ಶಿಸಿದಂತೆ.

ಆದರೂ ಆ ಉತ್ಸವದಲ್ಲಿ ನಾಲ್ಕು ವರ್ಷದವಕ್ಕೆಂದೇ ಒಂದು ದೊಡ್ಡ ಸ್ಪರ್ಧೆಯಿದೆ. ಅದರ ಹೆಸರು ಟ್ರಯಂಫ್ ಹರ್ಡಲ್. 1965ರಿಂದ ಚೆಲ್ಟನ್‌ಹ್ಯಾಮಿನಲ್ಲಿ ನಡೆಯುತ್ತ ಬಂದಿದೆ. ದೂರ ಎರಡು ಮೈಲಿಗಿಂತ ತುಸು ಹೆಚ್ಚು. ಅಲ್ಲಿ ಸೇರುವ ಕುದುರೆಗಳು ಮುಖ್ಯವಾಗಿ ಎರಡು ಮನೆತನದವು. ಕೆಲವು ಸಮನೆಲದಲ್ಲಿ ಓಡಿ, ಅಲ್ಲಿ ಹೇಳಿಕೊಳ್ಳುವಂಥ ಹೆಸರಾಗದೆ, ತಡೆ ಹಾರಲು ಬಂದವು. ಇನ್ನು ಕೆಲವು ಫ್ರಾನ್ಸಿನವು. ಅಲ್ಲಿ ಮೂರು ವರ್ಷಕ್ಕೇ ತಡೆ ಹಾರಿಸುವ ಪದ್ಧತಿಯಿದೆ. ಇದರ ಮೇಲೆ ಇನ್ನೊಂದು ಚಮತ್ಕಾರ: ಯಾವ ತಿಂಗಳಲ್ಲಿ ಹುಟ್ಟಿದರೂ ಭೂಮಿಯ ಉತ್ತರಾರ್ಧದ ರೇಸಿನ ಕುದುರೆಗಳಿಗೆಲ್ಲ ಜನವರಿ 1 ಒಂದೇ ಜನ್ಮದಿನ. ಜನವರಿಯಲ್ಲಿ ಹುಟ್ಟಿದ ಮರಿಗೂ ಮೇ ತಿಂಗಳಲ್ಲಿ ಹುಟ್ಟಿದ ಮರಿಗೂ ಕಾಗದದ ಮೇಲೆ ಒಂದೇ ವಯಸ್ಸು. ಮಾರ್ಚಿಯ ಆ ದಿನ ಒಂದು ನಾಲ್ಕು ತುಂಬಿದ ಕುದುರೆ, ಅದರ ಪಕ್ಕದ್ದು ಇನ್ನೂ ನಾಲ್ಕು ತುಂಬದ್ದು. ಶಾಲೆಗೆ ಸೇರಿಸುವಾಗ ಮಾಸ್ತರರೇ ಜನ್ಮದಿನ ಬರೆಸುತ್ತಿದ್ದ ಕಾಲದವನಾದ ನನಗೆ ಇದು ಹೊಸದೆನಿಸಲಿಲ್ಲ.

ಇಂಥ ಕುದುರೆಗಳನ್ನು ಅಳೆಯುವುದು ಹೇಗೆ? ನಮ್ಮ ಹಿಂದಿನವರಿಗೂ ಈ ಪ್ರಶ್ನೆ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಶ್ವಲಕ್ಷಣದ ವಿಚಾರವಿದೆ. ನಮ್ಮ ದನದ ಜಾತ್ರೆಗಳಲ್ಲಿ ಇಂದಿಗೂ ಹಲ್ಲು ಎಣಿಸಿ ವಯಸ್ಸು ತಿಳಿಯುತ್ತಾರೆ, ಸುಳಿ ನೋಡಿ ಶುಭಾಶುಭ ಹೇಳುತ್ತಾರೆ. ನನ್ನ ನೆರೆಯವರು ಸುಳಿ ನೋಡುತ್ತಿರಲಿಲ್ಲ. ಅವರ ಬಳಿ ನಾಲ್ಕು ಪ್ರಶ್ನೆಗಳಿದ್ದವು.

ಮೊದಲನೆಯದು: ಗೆದ್ದದ್ದು ಸರಿ, ಯಾರ ಮೇಲೆ ಗೆದ್ದಿತು? ಹತ್ತು ಕುದುರೆಯುದ್ದದ ಅಂತರದಿಂದ ಗೆದ್ದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಹಿಂದೆ ಬಿದ್ದವು ದುರ್ಬಲವಾಗಿದ್ದರೆ ಆ ಹತ್ತಕ್ಕೆ ಅರ್ಥವಿಲ್ಲ. ಅದರಿಂದ ಸೋತ ಕುದುರೆಗಳು ಮುಂದಿನ ವಾರಗಳಲ್ಲಿ ಬೇರೆಡೆ ಗೆಲ್ಲುತ್ತ ಹೋದರೆ ಆ ಹಳೆಯ ಗೆಲುವಿನ ಬೆಲೆ ತಾನಾಗಿ ಏರುತ್ತದೆ. ಗೆಲುವಿನ ಅರ್ಥ ಗೆದ್ದ ದಿನ ಪೂರ್ತಿ ತಿಳಿಯುವುದಿಲ್ಲ; ಸೋತವರು ಅದನ್ನು ನಿಧಾನವಾಗಿ ಬರೆಯುತ್ತಾರೆ.

ಎರಡನೆಯದು: ಹೇಗೆ ಹಾರಿತು? ವೇಗದ ಕುದುರೆಗಳು ಬೇಕಾದಷ್ಟಿವೆ. ತಡೆ ಹತ್ತಿರವಾದಂತೆ ತನ್ನ ಹೆಜ್ಜೆಯನ್ನು ತಾನೇ ಅಳೆದು, ಬೇಕಾದರೆ ಒಂದು ಹೆಜ್ಜೆ ಚಿಕ್ಕದು ಮಾಡಿ, ಬೇಕಾದರೆ ದೂರದಿಂದಲೇ ಎದ್ದು, ಇಳಿದ ಕೂಡಲೆ ಮತ್ತೆ ಓಟ ಹಿಡಿಯುವ ಕುದುರೆ ಅಪರೂಪ. ಒಂದೊಂದು ತಡೆಯಲ್ಲಿ ಅರ್ಧ ಕುದುರೆಯುದ್ದ ಉಳಿಸಿದರೆ ಎಂಟು ತಡೆಗೆ ನಾಲ್ಕು ಕುದುರೆಯುದ್ದ. ಅದಕ್ಕಿಂತ ಮುಖ್ಯವಾದದ್ದು, ಒಂದು ಸಲ ಮುಗ್ಗರಿಸಿದ ಮೇಲೆ ಮುಂದಿನ ತಡೆಯನ್ನು ಅದು ಹೇಗೆ ಎದುರಿಸಿತು ಎಂಬುದು. ‘ನಾನು ಗೆಲುವನ್ನು ನೋಡುವುದಿಲ್ಲ, ತಪ್ಪಿನ ನಂತರದ ಹೆಜ್ಜೆಯನ್ನು ನೋಡುತ್ತೇನೆ’ ಎಂದರು ಅವರು.

ಮೂರನೆಯದು: ಯಾವ ನೆಲದಲ್ಲಿ? ಚಳಿಗಾಲದ ಮಳೆಯಲ್ಲಿ ಮೈದಾನ ಗೊರಸು ಹೂಳುವ ಕೆಸರಾಗುತ್ತದೆ. ಕೆಸರಿನಲ್ಲಿ ಬಲಶಾಲಿ ಗೆಲ್ಲುತ್ತದೆ. ನೆಲ ಒಣಗಿದಾಗ ಚುರುಕಿನದು ಗೆಲ್ಲುತ್ತದೆ. ಚಪ್ಪಟೆ ಮೈದಾನದ ಗೆಲುವು ಬೇರೆ, ಚೆಲ್ಟನ್‌ಹ್ಯಾಮಿನ ಗೆಲುವು ಬೇರೆ. ಅಲ್ಲಿ ಇಳಿಜಾರಿನಲ್ಲಿ ಧಾವಿಸಿ ಬಂದ ಕುದುರೆ, ಕೊನೆಯ ಹಂತದಲ್ಲಿ, ಉಸಿರು ಮುಗಿಯುತ್ತ ಬಂದಾಗ, ದಿಬ್ಬ ಏರಬೇಕು. ಕೊನೆಯ ತಡೆಯವರೆಗೆ ರಾಜನಂತೆ ಬಂದು ಆ ದಿಬ್ಬದಲ್ಲಿ ಸೇವಕನಂತೆ ಹಿಂದುಳಿದ ಕುದುರೆಗಳು ಬಹಳ.

ನಾಲ್ಕನೆಯ ಪ್ರಶ್ನೆಯೇ ಕಠಿಣ: ಇದರಲ್ಲಿ ಇನ್ನೂ ಏನು ಉಳಿದಿದೆ? ಒಂದು ಕುದುರೆ ನಾಲ್ಕಕ್ಕೇ ಮೈತುಂಬಿ ನಿಂತಿರುತ್ತದೆ; ಅದು ಆಗಬೇಕಾದದ್ದೆಲ್ಲ ಆಗಿಬಿಟ್ಟಿರಬಹುದು. ಇನ್ನೊಂದು ಉದ್ದುದ್ದ ಕಾಲಿನ, ಎಲುಬು ಕಾಣುವ, ಅಡ್ಡಾದಿಡ್ಡಿ ಪ್ರಾಣಿ. ಅದಕ್ಕೆ ಕಾಲ ಬೇಕು. ಮೊದಲನೆಯದು ಈ ಮಾರ್ಚಿಯಲ್ಲಿ ಗೆಲ್ಲುತ್ತದೆ. ಎರಡನೆಯದು, ಕಾಯುವ ತಾಳ್ಮೆಯಿರುವ ಒಡೆಯ ಸಿಕ್ಕಿದರೆ, ನಾಲ್ಕು ವರ್ಷದ ಮೇಲೆ ಗೆಲ್ಲುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ತೂಗುವವರು ತೂಗುತ್ತಲೇ ಇರುತ್ತಾರೆ.

ನಾಲ್ಕನೆಯ ಪ್ರಶ್ನೆಗೆ ಸರಿಯುತ್ತರ ಕಂಡವರಿಲ್ಲವೆಂದಲ್ಲ. 1996ರಲ್ಲಿ ಜಾನ್ ಡರ್ಕನ್ ಎಂಬ ಐರಿಷ್ ತರುಣ, ನ್ಯೂಮಾರ್ಕೆಟ್ಟಿನ ಒಂದು ಲಾಯದಲ್ಲಿ ಸಹಾಯಕನಾಗಿದ್ದಾಗ, ಅಲ್ಲಿ ಸಮನೆಲದ ಓಟಕ್ಕೆ ಪಳಗಿಸಿದ್ದ ಒಂದು ಕುದುರೆಯನ್ನು ಗುರುತಿಸಿದ. ಅದರ ಹೆಸರು ಇಸ್ತಬ್ರಾಕ್. ಅರಬ್ಬಿಯಲ್ಲಿ ಜರತಾರಿ ರೇಷ್ಮೆ ಎಂದರ್ಥ. ಸಮನೆಲದಲ್ಲಿ ಅದು ದೊಡ್ಡ ಹೆಸರೇನೂ ಮಾಡಿರಲಿಲ್ಲ. ಇದು ತಡೆ ಹಾರುವುದರಲ್ಲಿ ಬಹು ದೂರ ಹೋಗುತ್ತದೆ ಎಂದು ಡರ್ಕನ್ ಹೇಳಿ, ಜೆ. ಪಿ. ಮೆಕ್‌ಮ್ಯಾನಸ್ ಎಂಬ ಧನಿಕರಿಂದ ಅದನ್ನು ಕೊಳ್ಳಿಸಿದ. ತಾನೇ ಲಾಯ ತೆರೆದು ಅದನ್ನು ಪಳಗಿಸುವುದು ಅವನ ಆಸೆ. ಅಷ್ಟರಲ್ಲಿ ರಕ್ತದ ಕ್ಯಾನ್ಸರ್ ಅವನನ್ನು ಹಿಡಿಯಿತು. ಕುದುರೆ ಏಡನ್ ಓಬ್ರಿಯನ್ ಎಂಬವರ ಲಾಯಕ್ಕೆ ಹೋಯಿತು. ಅದು 1997ರಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ಹೊಸಬರ ಹರ್ಡಲ್ ಸ್ಪರ್ಧೆಯನ್ನು ಗೆದ್ದಿತು. ಡರ್ಕನ್ 1998ರ ಜನವರಿಯಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ತೀರಿಕೊಂಡ. ಎರಡು ತಿಂಗಳ ಮೇಲೆ ಇಸ್ತಬ್ರಾಕ್ ಚಾಂಪಿಯನ್ ಹರ್ಡಲ್ ಗೆದ್ದಿತು. 1999ರಲ್ಲಿ ಮತ್ತೆ, 2000ದಲ್ಲಿ ಮತ್ತೆ. ಮೊಳಕೆಯಲ್ಲಿ ಸಿರಿಯನ್ನು ಕಂಡವನಿಗೆ ಬೆಳೆಯನ್ನು ಕಾಣುವ ಯೋಗವಿರಲಿಲ್ಲ. ಆದರೂ ಕಂಡದ್ದು ಅವನೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆ. 2013ರ ಟ್ರಯಂಫ್ ಹರ್ಡಲನ್ನು ಅವರ್ ಕಾನರ್ ಎಂಬ ಕುದುರೆ 15 ಕುದುರೆಯುದ್ದಗಳಿಂದ ಗೆದ್ದಿತು. ಅಂಥ ಅಂತರ ಆ ಸ್ಪರ್ಧೆಯಲ್ಲಿ ಅಪರೂಪ. ನೆರೆಯವರ ನಾಲ್ಕು ಪ್ರಶ್ನೆಗಳಿಗೂ ಅದರ ಬಳಿ ಉತ್ತರವಿದ್ದಂತಿತ್ತು. ಮರುವರ್ಷ ಅದು ದೊಡ್ಡವರ ಸಾಲಿಗೆ, ಚಾಂಪಿಯನ್ ಹರ್ಡಲಿಗೆ ಬಂದಿತು. ಅಲ್ಲಿ ಆರಂಭದ ತಡೆಗಳಲ್ಲೊಂದರ ಬಳಿ ಬಿದ್ದಿತು, ಮತ್ತೆ ಏಳಲಿಲ್ಲ. ಅದಕ್ಕಾಗ ಐದು ವರ್ಷ. ಯಾರ ಎಣಿಕೆಯೂ ತಪ್ಪಿರಲಿಲ್ಲ. ಎಣಿಕೆಗೆ ಸಿಕ್ಕದ್ದೊಂದು ನಡೆಯಿತು, ಅಷ್ಟೆ. ಈ ಆಟದ ಸೊಬಗನ್ನು ಕುರಿತು ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು. ನಾವು ಅಂದಾಜು ಮಾಡಿ ಕುರ್ಚಿಗೆ ಒರಗುತ್ತೇವೆ. ಹಾರುವ ಪ್ರಾಣಿ ತನ್ನ ಜೀವವನ್ನೇ ಒಡ್ಡುತ್ತದೆ, ಅದೂ ತಾನು ಒಡ್ಡುತ್ತಿರುವುದೇನೆಂದು ಅರಿಯದೆ. ಅದರ ಪರವಾಗಿ ಅರಿಯಬೇಕಾದವರು ನಾವು.

ಮೂರನೆಯದು ಟೈಗರ್ ರೋಲ್. ಅದರ ತಂದೆ ಆಥರೈಸ್ಡ್ 2007ರ ಡರ್ಬಿ ಗೆದ್ದದ್ದು. ಸಮನೆಲದ ಓಟಕ್ಕಾಗಿಯೇ ಹುಟ್ಟಿಸಿದ ಈ ಚಿಕ್ಕ ಗಾತ್ರದ ಕುದುರೆಯನ್ನು ದೊಡ್ಡ ಲಾಯವೊಂದು ಒಮ್ಮೆಯೂ ಓಡಿಸದೆ 10,000 ಪೌಂಡಿಗೆ ಮಾರಿಬಿಟ್ಟಿತು. ಅದು 2014ರಲ್ಲಿ ಟ್ರಯಂಫ್ ಹರ್ಡಲ್ ಗೆದ್ದಿತು. ಆಮೇಲೆ ಮಂಕಾಯಿತು, ಎಳೆತನದ ಗೆಲುವಿನ ಮಿಂಚು ಅಷ್ಟೇ, ಮುಗಿಯಿತು ಎನ್ನುವಂತಾಯಿತು. ಅದೇ ಕುದುರೆ 2018 ಮತ್ತು 2019ರಲ್ಲಿ, ನಾಲ್ಕು ಮೈಲಿಗೂ ಹೆಚ್ಚು ದೂರದ, 30 ತಡೆಗಳ ಗ್ರ್ಯಾಂಡ್ ನ್ಯಾಷನಲನ್ನು ಎರಡು ಸಲ ಗೆದ್ದಿತು. ಸತತ ಎರಡು ವರ್ಷ ಅದನ್ನು ಗೆದ್ದ ಕುದುರೆ, 1973 ಮತ್ತು 1974ರ ರೆಡ್ ರಮ್ ಆದ ಮೇಲೆ, ಇದೊಂದೇ. ಮೊಳಕೆಯಲ್ಲಿ ಕಂಡದ್ದು ಒಂದು ಸಿರಿ, ಬೆಳೆದದ್ದು ಇನ್ನೊಂದು ಸಿರಿ!

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. 2025ರ ಮಾರ್ಚ್ 14, ಶುಕ್ರವಾರ. ನೆರೆಯವರ ಮನೆಯ ದೂರದರ್ಶನದ ಮುಂದೆ ನಾವಿಬ್ಬರೂ ಚಹಾ ಹಿಡಿದು ಕುಳಿತಿದ್ದೆವು. ಅವರ ತಕ್ಕಡಿಯಲ್ಲಿ ಆ ದಿನ ಎರಡು ಹೆಸರುಗಳಿದ್ದವು. ಒಂದು ಫ್ರಾನ್ಸಿನಿಂದ ಬಂದ ಲುಲಾಂಬಾ. ಅದುವರೆಗೆ ಸೋಲು ಕಾಣದ್ದು. ಇನ್ನೊಂದು ಈಸ್ಟ್ ಇಂಡಿಯಾ ಡಾಕ್; ಆ ಜನವರಿಯಲ್ಲಿ ಅದೇ ಚೆಲ್ಟನ್‌ಹ್ಯಾಮಿನಲ್ಲಿ ಗೆದ್ದು, ದಿಬ್ಬದ ಪರೀಕ್ಷೆ ಪಾಸಾಗಿದ್ದದ್ದು. ಎರಡರ ಮೇಲೂ ಅವರು ನನಗೆ ವಾರಗಟ್ಟಲೆ ಪಾಠ ಹೇಳಿದ್ದರು. ಓಟದಲ್ಲಿ ಎರಡೂ ಅವರ ಮಾತನ್ನು ಉಳಿಸಿಕೊಟ್ಟವು. ಕೊನೆಗೆ ಮುಂದಿನ ಮೂರರಲ್ಲಿ ಎರಡು ಸ್ಥಾನ ಅವುಗಳದೇ. ಆದರೆ ದಿಬ್ಬ ಏರುವಾಗ ಲುಲಾಂಬಾದ ಪಕ್ಕದಲ್ಲಿ ಇನ್ನೊಂದು ಕುದುರೆ ಬಂದು, ಕೊನೆಯ ಗಳಿಗೆಯಲ್ಲಿ ಕತ್ತು ಮುಂದೆ ಚಾಚಿ ಗೆದ್ದಿತು. ಅದರ ಹೆಸರು ಪೊನಿರಾಸ್. ಅದರ ಮೇಲಿನ ಪಣದ ದರ ಒಂದಕ್ಕೆ ನೂರು. ಎಂದರೆ ಅದು ಗೆದ್ದೀತೆಂದು ನಂಬಿದವರು ಇಲ್ಲವೆನ್ನುವಷ್ಟು ಕಡಿಮೆ. ಏಕೆಂದರೆ ಆ ದಿನಕ್ಕೆ ಮೊದಲು ಅದು ಹರ್ಡಲ್ ಸ್ಪರ್ಧೆಯೊಂದರಲ್ಲಿ ಒಮ್ಮೆಯೂ ಓಡಿರಲಿಲ್ಲ. ಸಮನೆಲದಲ್ಲಿ ಓಡಿ ಬಂದ ಅದಕ್ಕೆ ಅದೇ ಮೊದಲ ಹರ್ಡಲ್ ಓಟ. ಆ ಮೊದಲನೆಯದೇ ಟ್ರಯಂಫ್!

ನಾನು ನೆರೆಯವರ ಮುಖ ನೋಡಿದೆ. ಅಸಮಾಧಾನವಿರಬಹುದೆಂದುಕೊಂಡಿದ್ದೆ, ಇರಲಿಲ್ಲ. ಅವರು ತಮ್ಮ ನೋಟ್‌ಬುಕ್ಕನ್ನು ತೆರೆದು ಪೊನಿರಾಸ್ ಹೆಸರಿನ ಮುಂದೆ ತಾವು ಬರೆದಿದ್ದುದನ್ನು ತೋರಿಸಿದರು. ಅಲ್ಲಿದ್ದುದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ‘ನೋಡಿ, ನಾನು ತಪ್ಪಿಲ್ಲ. ನನಗೆ ತಿಳಿಯದು ಎಂದು ಬರೆದಿದ್ದೆ’ ಎಂದು ನಕ್ಕರು. ಬೇರೆಯವರು ಆ ಜಾಗದಲ್ಲಿ ಸೊನ್ನೆ ಹಾಕಿದ್ದರು.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ಮೌಖಿಕ ಪರೀಕ್ಷೆ ನೆನಪಾಯಿತು. ಎದುರಿಗೆ ಕುಳಿತ ಹುಡುಗ ಹಳ್ಳಿಯವನು. ಪ್ರಶ್ನೆ ಕೇಳಿದರೆ ಬಹಳ ಹೊತ್ತು ಸುಮ್ಮನಿರುತ್ತಿದ್ದ. ಹಳಗನ್ನಡದ ಒಂದು ಪದ್ಯ ಕೊಟ್ಟು ಅನ್ವಯಿಸಲು ಹೇಳಿದರೆ ಅರ್ಧಕ್ಕೇ ನಿಲ್ಲಿಸಿದ. ಕಡಿಮೆ ಅಂಕ ಕೊಟ್ಟೆ. ಅವನು ಹೊರಗೆ ಹೋದ ಮೇಲೆ ಪಕ್ಕದವರಿಗೆ, ‘ಇವನಿಂದ ಏನೂ ಆಗುವುದಿಲ್ಲ’ ಎಂದೂ ಹೇಳಿದೆ. ಹದಿನೈದು ವರ್ಷದ ಮೇಲೆ ಅಂಚೆಯಲ್ಲಿ ಒಂದು ಪುಸ್ತಕ ಬಂದಿತು. ತನ್ನ ಸೀಮೆಯ ಹೆಂಗಸರ ಬಾಯಿಂದ ಹಾಡುಗಳನ್ನು ಕೇಳಿ, ಬರೆದು, ಒಂದೊಂದು ಪದದ ಹಿಂದೆಯೂ ಹೋಗಿ ಅವನು ಸಿದ್ಧಪಡಿಸಿದ್ದ ಸಂಗ್ರಹ. ನಾನು ಬರೆಯಲಾರದ ಪುಸ್ತಕ ಅದು. ಮೊದಲ ಪುಟದಲ್ಲಿ ‘ಗುರುಗಳಿಗೆ’ ಎಂದು ಬರೆದು ಸಹಿ ಹಾಕಿದ್ದ. ಆ ಹಾಡುಗಳನ್ನು ಕೂಡಿಸಲು ಬೇಕಾಗಿದ್ದುದು, ಎದುರಿನವರು ಮಾತಾಡುವವರೆಗೆ ಸುಮ್ಮನೆ ಕಾಯುವ ಆ ಗುಣವೇ. ಅದನ್ನೇ ನಾನು ಮಂದಮತಿ ಎಂದು ಓದಿದ್ದೆ.

ನಾನು ಕೊಟ್ಟ ಅಂಕ ತಪ್ಪಲ್ಲ. ಆ ದಿನ, ಆ ಪದ್ಯಕ್ಕೆ, ಆ ಉತ್ತರಕ್ಕೆ ಅಷ್ಟೇ ಅಂಕ ಸಲ್ಲುತ್ತಿತ್ತು. ತಪ್ಪಾದದ್ದು ಅಂಕದ ಪಕ್ಕದಲ್ಲಿ ನಾನು ಮನಸ್ಸಿನಲ್ಲೇ ಬರೆದ ಷರಾ. ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾಗಿದ್ದಲ್ಲಿ ನಾನು ಪೂರ್ಣವಿರಾಮ ಹಾಕಿದ್ದೆ.

ಹಾಗೆಂದು ಎಳೆಯರನ್ನು ಅಳೆಯುವುದನ್ನೇ ಬಿಟ್ಟುಬಿಡೋಣವೆ? ಅದು ಸಾಧ್ಯವಿಲ್ಲ; ಸರಿಯೂ ಅಲ್ಲ. ಡರ್ಕನ್ ಅಳೆಯದೆ ಹೋಗಿದ್ದರೆ ಇಸ್ತಬ್ರಾಕ್ ಎಂಬ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ನೆರೆಯವರ ನಾಲ್ಕು ಪ್ರಶ್ನೆಗಳೂ ಒಳ್ಳೆಯವೇ. ಅವರು ಹೆಸರಿಸಿದ ಎರಡೂ ಕುದುರೆಗಳು ಮೊದಲ ಮೂರರಲ್ಲಿ ಬಂದದ್ದು ಅದಕ್ಕೆ ಸಾಕ್ಷಿ. ಅಳತೆಗೋಲು ಬೇಕು. ಆದರೆ ಅದು ಇಂದಿನವರೆಗಿನ ಬೆಳವಣಿಗೆಯನ್ನು ಅಳೆಯುತ್ತದೆಯೇ ಹೊರತು ಬೆಳೆಯುವ ಶಕ್ತಿಯನ್ನಲ್ಲ. ಅಳೆಯುವವನು ಕೋಲನ್ನು ಕೆಳಗಿಟ್ಟ ಮೇಲೂ ಮೊಳಕೆ ಬೆಳೆಯುತ್ತಲೇ ಇರುತ್ತದೆ.

ಪ್ರತಿ ಮಾರ್ಚಿಯಲ್ಲೂ ಆ ದಿಬ್ಬದ ಬುಡಕ್ಕೆ ಹೊಸ ಕುದುರೆಗಳು ಬರುತ್ತವೆ. ನಮ್ಮ ಕಾಲೇಜುಗಳ ಬಾಗಿಲಿಗೆ ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರು ಬರುತ್ತಾರೆ. ಪುಸ್ತಕದಲ್ಲಿ ಒಂದೊಂದು ಹೆಸರಿನ ಮುಂದೆಯೂ ನಾವು ಏನನ್ನಾದರೂ ಬರೆಯಲೇಬೇಕು. ತಿಳಿದಷ್ಟನ್ನು ಬರೆಯೋಣ, ತಿಳಿಯದ ಕಡೆ ಸೊನ್ನೆಯ ಬದಲು ಆ ವೃದ್ಧರು ಹಾಕಿದಂಥದೊಂದು ಚಿಹ್ನೆಯನ್ನು ಹಾಕೋಣ. ನಾನು ಈಗ ಯಾವ ಪರೀಕ್ಷೆಯನ್ನೂ ನಡೆಸುವವನಲ್ಲ. ನಡೆಸುತ್ತಿರುವವರು ಈ ಮಾತನ್ನು ಕೇಳಿಸಿಕೊಂಡರೆ ಸಾಕು.

(ಬಾನುಲಿ ಭಾಷಣ)